ಊರಿನ ನೀರಿಗೊಂದು ಆಯವ್ಯಯ

ಮಳೆ ಕೈಕೊಟ್ಟ ವರ್ಷ ಬಾವಿ ಬತ್ತುವುದು ಸಹಜ. ಸಾಧಾರಣ ಮಳೆಯಾದ ವರ್ಷವೂ ಯುಗಾದಿಯ ಹೊತ್ತಿಗೆ ಊರಿಗೆ ಟ್ಯಾಂಕರ್ ಬರುವುದಾದರೆ ಮೋಡವನ್ನು ದೂರಿ ಪ್ರಯೋಜನವಿಲ್ಲ. ಒಬ್ಬ ರೈತನು ಎಷ್ಟೇ ಮಿತವಾಗಿ ನೀರು ಹಾಯಿಸಿದರೂ ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆಸಿದರೆ ಉಳಿಸಿದ ನೀರು ಅತ್ತ ಸೇರುತ್ತದೆ. ಅಂತರ್ಜಲಕ್ಕೆ ಬದುವಿಲ್ಲವಾದ್ದರಿಂದ ಅದರ ಹಂಚಿಕೆ ಊರೇ ಕುಳಿತು ತೀರ್ಮಾನಿಸಬೇಕಾದ ವಿಷಯ.

ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್ ಮಳೆನೆರಳಿನ ಗ್ರಾಮ. ವಾರ್ಷಿಕ ಮಳೆ 400 ಮಿ.ಮೀ. ಆಸುಪಾಸು. ಬರಗಾಲದಿಂದ ಗುಡ್ಡ ಬೋಳಾಗಿ, ಜನರು ಕೂಲಿಗಾಗಿ ಪಟ್ಟಣ ಸೇರಿದ್ದರು. 1989ರಲ್ಲಿ ಪೋಪಟರಾವ್ ಪವಾರ್ ಅವರು ಸರಪಂಚರಾದ ಮೇಲೆ ಗ್ರಾಮಸಭೆ ಕೆಲವು ಕಟ್ಟುಪಾಡುಗಳನ್ನು ಮಾಡಿತು: ಮರ ಕಡಿಯಬಾರದು, ದನಕರುಗಳನ್ನು ಗುಡ್ಡಕ್ಕೆ ಬಿಡಬಾರದು, ಮದ್ಯ ಮಾರಬಾರದು, ಶ್ರಮದಾನ ಮಾಡಬೇಕು. ಉದ್ಯೋಗ ಖಾತರಿ ಯೋಜನೆಯ ಹಣದಿಂದ ಗುಡ್ಡದಲ್ಲಿ ಸಮಪಾತಳಿ ಕಂದಕಗಳನ್ನೂ ಹಳ್ಳಕ್ಕೆ ಒಡ್ಡುಗಳನ್ನೂ ಹಾಕಲಾಯಿತು. ಇಂತಹ ಕಾಮಗಾರಿಗಳು ನಮ್ಮಲ್ಲೂ ಬೇಕಾದಷ್ಟು ನಡೆದಿವೆ. ಹಿವರೆ ಬಾಜಾರದ ವಿಶೇಷವಿರುವುದು ಇಂಗಿದ ನೀರನ್ನು ಖರ್ಚು ಮಾಡುವ ರೀತಿಯಲ್ಲಿ.

ಅಲ್ಲಿ ಪ್ರತಿ ವರ್ಷ ಮಳೆಯ ಪ್ರಮಾಣವನ್ನೂ ಬಾವಿಗಳ ನೀರಿನ ಮಟ್ಟವನ್ನೂ ಅಳೆದು ಗ್ರಾಮಸಭೆಯ ಮುಂದಿಡುತ್ತಾರೆ. ಮೊದಲ ಪಾಲು ಜನ, ಜಾನುವಾರುಗಳಿಗೆ. ಉಳಿದುದರಲ್ಲಿ ಸುಮಾರು ಶೇ. 70 ಭಾಗ ಬೇಸಾಯಕ್ಕೆ, ಶೇ. 30 ಭಾಗ ಮುಂದಿನ ವರ್ಷಕ್ಕಾಗಿ ನೆಲದಲ್ಲಿಯೇ. ನೀರು ಕಡಿಮೆಯಿದ್ದರೆ ಹಿಂಗಾರಿನ ಬೆಳೆಯ ವಿಸ್ತೀರ್ಣವೂ ಇಳಿಯುತ್ತದೆ. ನೀರಾವರಿಗಾಗಿ ಕೊಳವೆಬಾವಿ ಕೊರೆಸುವಂತಿಲ್ಲ. ಕಬ್ಬು, ಬಾಳೆಗಳಿಗೆ ಅವಕಾಶವಿಲ್ಲ.

ಈ ಕಟ್ಟುಪಾಡು ಕಠಿಣವೆನಿಸಬಹುದು, ಆದರೆ ಲೆಕ್ಕ ಹಾಗೆಯೇ ಇದೆ. ಒಂದು ಹೆಕ್ಟೇರಿನ ಮೇಲೆ ಬಿದ್ದ 1 ಮಿ.ಮೀ. ಮಳೆ ಎಂದರೆ 10,000 ಲೀಟರ್ ನೀರು. 400 ಮಿ.ಮೀ. ಮಳೆಗೆ 40 ಲಕ್ಷ ಲೀಟರ್. ಅದರಲ್ಲಿ ಆವಿಯಾಗಿ, ಹರಿದುಹೋಗಿ, ನೆಲದಾಳಕ್ಕೆ ಇಳಿಯುವುದು ಅಲ್ಪ ಭಾಗ ಮಾತ್ರ. ಕಬ್ಬಿಗೆ ಬೇಕಾಗುವುದು 1,500ರಿಂದ 2,500 ಮಿ.ಮೀ. ನೀರು. ಕಡಲೆಗೆ 300 ಮಿ.ಮೀ. ಆಸುಪಾಸು ಸಾಕು. ಒಂದು ಎಕರೆ ಕಬ್ಬಿನ ನೀರಿನಲ್ಲಿ ಐದಾರು ಎಕರೆ ಕಡಲೆ ಬರುತ್ತದೆ. ಆ ಐದಾರು ಎಕರೆ ಯಾರದೆಂಬುದೇ ಊರಿನ ಜಗಳದ ಮೂಲ.

ಕರ್ನಾಟಕದ ರೈತರಿಗೆ ಇದು ತೀರ ಹೊಸದೇನಲ್ಲ. ಕೆರೆಯ ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕಷ್ಟೇ ಬೆಳೆಯೆಂದು ಹಿರಿಯರು ತೀರ್ಮಾನಿಸಿ, ನೀರುಗಂಟಿಯು ಅದರಂತೆ ಸರದಿ ನಡೆಸುವ ಪದ್ಧತಿ ಹಿಂದೆ ಇತ್ತು. ಆ ಹಿರಿಯರ ಕೂಟದಲ್ಲಿ ಹೆಂಗಸರಿಗೂ ಭೂಹೀನರಿಗೂ ಸ್ಥಾನವಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಕೊಳವೆಬಾವಿ ಬಂದ ಮೇಲೆ ನೀರುಗಂಟಿಯ ಕೆಲಸವೂ ತಪ್ಪಿತು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದರಲ್ಲಿ ಪ್ರತಿಯೊಬ್ಬ ಮತದಾರನೂ ಸದಸ್ಯ. ಫಲಾನುಭವಿಗಳ ಪಟ್ಟಿ ಓದಿ ಸಹಿ ಹಾಕಿಸುವುದಕ್ಕಷ್ಟೇ ಈ ಸಭೆ ಮುಗಿಯುತ್ತಿರುವುದು ಹಲವೆಡೆ ಕಂಡುಬರುತ್ತದೆ.

ಈ ಕೆಲಸ ಕೈಗೊಳ್ಳುವ ಗ್ರಾಮವು ಮೊದಲು ಶಾಲೆಯ ಆವರಣದಲ್ಲಿ ಒಂದು ಮಳೆಮಾಪಕವನ್ನಿಟ್ಟು, ಊರಿನ ನಾಲ್ಕು ದಿಕ್ಕಿನ ಬಾವಿಗಳ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು, ಪಂಚಾಯಿತಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಹಿಂಗಾರು ಬಿತ್ತನೆಗೆ ಮುನ್ನ ಸಭೆ ಸೇರಿ ಬೆಳೆ ಗೊತ್ತುಪಡಿಸಬೇಕು. ಪಂಪು ನಿಲ್ಲಿಸಬೇಕಾದ ವರ್ಷ ಅಧ್ಯಕ್ಷರ ಮತ್ತು ದೊಡ್ಡ ಹಿಡುವಳಿದಾರರ ಪಂಪು ಮೊದಲು ನಿಲ್ಲದಿದ್ದರೆ ಎರಡೆಕರೆಯವನು ತನ್ನದನ್ನು ನಿಲ್ಲಿಸುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಈ ಮಾತನ್ನು ಮೊದಲ ಸಭೆಯಲ್ಲಿಯೇ ಇತ್ಯರ್ಥ ಮಾಡಿಸಿಕೊಳ್ಳುವುದು ಸೂಕ್ತ.