ರಕ್ತದ ಕಿರುಫಲಕಗಳು

ತರಕಾರಿ ಹೆಚ್ಚುವಾಗ ಬೆರಳು ಕುಯ್ದರೆ ಕೊಂಚ ಹೊತ್ತು ಒತ್ತಿ ಹಿಡಿಯುತ್ತೇವೆ, ರಕ್ತ ನಿಲ್ಲುತ್ತದೆ. ಗಾಯದ ಬಾಯಿಗೆ ಮೊದಲು ಧಾವಿಸಿ ಒಂದಕ್ಕೊಂದು ಅಂಟಿ ಅದನ್ನು ಮುಚ್ಚುವವು ಪ್ಲೇಟ್‌ಲೆಟ್ ಅಥವಾ ಕಿರುಫಲಕಗಳೆಂಬ ಸೂಕ್ಷ್ಮ ಕಣಗಳು. ಇಟಲಿಯ ವೈದ್ಯವಿಜ್ಞಾನಿ ಬಿಟ್ಸೊಜೆರೊ ಇವುಗಳ ಈ ಕಾರ್ಯವನ್ನು ೧೮೮೨ರಲ್ಲಿ ವಿವರಿಸಿದನು.

ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳಿಂದ ಕಳಚಿ ಬರುವ ಈ ಕಣಗಳ ಆಯುಸ್ಸು ಎಂಟು ಹತ್ತು ದಿನಗಳು ಮಾತ್ರ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ ೧,೫೦,೦೦೦ದಿಂದ ೪,೫೦,೦೦೦ದವರೆಗೆ ಇರುತ್ತವೆ. ಮಜ್ಜೆ ಸಾಕಷ್ಟು ಉತ್ಪಾದಿಸದಿದ್ದರೆ, ದೇಹವೇ ಅವನ್ನು ನಾಶಪಡಿಸಿದರೆ, ಇಲ್ಲವೆ ಊದಿದ ಗುಲ್ಮವು ಹಿಡಿದಿಟ್ಟುಕೊಂಡರೆ ಸಂಖ್ಯೆ ಇಳಿಯುತ್ತದೆ. ಆದ್ದರಿಂದ ಕೊರತೆಯೆಂಬುದು ಲಕ್ಷಣವೇ ಹೊರತು ತಾನೇ ಒಂದು ರೋಗವಲ್ಲ.

೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ಜ್ವರ ಹಬ್ಬಿದಾಗಲೆಲ್ಲ ಮನೆಮಂದಿಯ ನಿದ್ದೆಗೆಡಿಸುವುದು ಕಿರುಫಲಕಗಳ ಲೆಕ್ಕವೇ. ಲಕ್ಷಕ್ಕಿಂತ ಇಳಿದೊಡನೆ ‘ಪ್ಲೇಟ್‌ಲೆಟ್ ಏರಿಸಿ’ ಎಂದು ವೈದ್ಯರನ್ನು ಕಾಡುವವರುಂಟು. ಪರಂಗಿ ಎಲೆಯ ರಸವನ್ನೇ ನೆಚ್ಚಿ ಕೂರುವವರೂ ಉಂಟು. ಆದರೆ ೫೦,೦೦೦ಕ್ಕಿಂತ ಹೆಚ್ಚಿರುವಾಗ ತಾನಾಗಿ ರಕ್ತಸ್ರಾವವಾಗುವುದು ಅಪರೂಪ. ೧೦,೦೦೦ಕ್ಕಿಂತ ಇಳಿದಾಗ ಆ ಭಯ ಬಹಳ ಹೆಚ್ಚುತ್ತದೆ. ಪರೀಕ್ಷೆಯ ನಳಿಕೆಯಲ್ಲಿ ಕಣಗಳು ಅಂಟಿಕೊಂಡು, ಯಂತ್ರವು ಇಲ್ಲದ ಕೊರತೆಯನ್ನು ತೋರಿಸುವುದೂ ಉಂಟು.

ಡೆಂಗಿಯ ದೊಡ್ಡ ಗಂಡಾಂತರ ಬೇರೆಡೆಯಲ್ಲಿದೆ. ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ದ್ರವಭಾಗ ಸೋರಿ, ರಕ್ತ ಮಂದವಾಗಿ, ರಕ್ತದೊತ್ತಡ ಕುಸಿಯಬಹುದು. ಇದು ಹೆಚ್ಚಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ವೇಳೆಗೆ ಸಂಭವಿಸುತ್ತದೆ. ‘ಜ್ವರ ಬಿಟ್ಟಿತು’ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತೇ ಎಚ್ಚರದ ಹೊತ್ತು! ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಮಂಕು, ಚಡಪಡಿಕೆ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ, ಲೆಕ್ಕ ಎಷ್ಟೇ ಇರಲಿ, ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆಗಳು ರಕ್ತಸ್ರಾವಕ್ಕೆ ದಾರಿ ಮಾಡುವುದರಿಂದ ಡೆಂಗಿಯ ಶಂಕೆಯಿರುವಾಗ ಅವನ್ನು ಕೊಡಲಾಗದು.

ಕಾಯಿಲೆ ಹಿಂಜರಿದಂತೆ ಮಜ್ಜೆ ತಾನೇ ಕಿರುಫಲಕಗಳನ್ನು ತುಂಬಿಕೊಡುತ್ತದೆ. ಅಲ್ಲಿಯವರೆಗೆ ಕಾಗದದ ಮೇಲಿನ ಅಂಕಿಯನ್ನು ನೋಡುವಷ್ಟೇ ಆಸ್ಥೆಯಿಂದ ಹಾಸಿಗೆಯ ಮೇಲಿನ ರೋಗಿಯನ್ನೂ ನೋಡಬೇಕು.