ಶುಶ್ರೂಷೆಯ ಓದಿಗೆ ಕ್ಯಾಮೆರಾ ಶತ್ರುವೇ?

‘ಮಗಳನ್ನು ದಾವಣಗೆರೆಗೆ ಕಳುಹಿಸಿದ್ದು ನರ್ಸಿಂಗ್ ಓದಲಿಕ್ಕೋ, ಫೋಟೊ ತೆಗೆಯಲಿಕ್ಕೋ?’ ಎಂಬ ಪ್ರಶ್ನೆ ಶ್ರೀಮಠಕ್ಕೆ ಬರುವ ತಂದೆತಾಯಿಗಳ ಬಾಯಲ್ಲಿ ಈಚೆಗೆ ಕೇಳಿಬರುತ್ತಿದೆ. ಮೆಕ್ಕೆಜೋಳ ಮಾರಿದ ಹಣದಲ್ಲಿ ಶುಲ್ಕ ಕಟ್ಟಿ, ಪಿ.ಜೆ. ಬಡಾವಣೆಯ ಆಸುಪಾಸಿನಲ್ಲಿ ಒಂದು ಕೊಠಡಿ ಹಿಡಿದುಕೊಟ್ಟು ಊರಿಗೆ ಮರಳಿದ ತಂದೆಗೆ, ಭಾನುವಾರ ಮಗಳು ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಕ್ಯಾಮೆರಾ ಹಿಡಿದು ನಿಂತ ಚಿತ್ರ ಮೊಬೈಲಿನಲ್ಲಿ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಆ ಆತಂಕವನ್ನು ಹಗುರವಾಗಿ ಕಾಣಲಾಗದು. ಆದರೂ ಆ ಚಿತ್ರದಲ್ಲಿ ಕೆಡುಕಿಗಿಂತ ಒಳಿತೇ ಹೆಚ್ಚಿರಬಹುದೆಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಂದಿನಿಂದ ದಾವಣಗೆರೆ ಮಧ್ಯ ಕರ್ನಾಟಕದ ಆರೋಗ್ಯ ಶಿಕ್ಷಣದ ಊರಾಗಿ ಬೆಳೆದಿದೆ. ಬೆಳಗಿನ ಏಳು ಗಂಟೆಗೆ ಬಿಳಿಯ ಸಮವಸ್ತ್ರದಲ್ಲಿ ಬಾಪೂಜಿ ಆಸ್ಪತ್ರೆಗೋ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ನಡೆದು ಹೋಗುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಅವರ ಓದು ಎಷ್ಟು ಬಿಗಿಯಾದದ್ದೆಂಬುದು ಮಾತ್ರ ಹೊರಗಿನವರಿಗೆ ತಿಳಿಯದು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ನಿಯಮದಂತೆ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ವ್ಯಾಸಂಗ. ತರಗತಿ ಮತ್ತು ವಾರ್ಡಿನ ಕೆಲಸ ಸೇರಿ ವಾರಕ್ಕೆ 40 ಗಂಟೆ. ಪದವಿ ಕೈಗೆ ಸಿಗಬೇಕಾದರೆ ವಾರ್ಡಿನ ತರಬೇತಿಯಲ್ಲಿ ಹಾಜರಾತಿ ನೂರಕ್ಕೆ ನೂರು ಇರಲೇಬೇಕು.

ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆಗಳು. ಅದರಲ್ಲಿ 40 ಕಾಲೇಜಿಗೆ, ದಿನಕ್ಕೆ 8ರಂತೆ 56 ನಿದ್ರೆಗೆ ಹೋದರೆ ಉಳಿಯುವುದು 72. ಸ್ನಾನ, ಪೂಜೆ, ಊಟ, ಬಟ್ಟೆ ಒಗೆಯುವುದು, ಓಡಾಟ ಇವುಗಳಿಗೆ 30 ಗಂಟೆ ಬಿಡಿ. ಓದಿಗೆ, ದಾಖಲೆ ಪುಸ್ತಕ ಬರೆಯುವುದಕ್ಕೆ 25 ಗಂಟೆ ಇಡಿ. ಆಗಲೂ 17 ಗಂಟೆ ಕೈಯಲ್ಲಿ ಉಳಿಯುತ್ತದೆ. ಪರೀಕ್ಷೆಯ ತಿಂಗಳಲ್ಲಿ ಇದು ಕರಗಿಹೋಗುವುದು ನಿಜ. ಉಳಿದ ತಿಂಗಳುಗಳಲ್ಲಿ ಈ ಹೊತ್ತನ್ನು ಬಹುಪಾಲು ಮಕ್ಕಳಿಂದ ಕಸಿಯುತ್ತಿರುವುದು ಕ್ಯಾಮೆರಾ ಅಲ್ಲ, ಹಾಸಿಗೆಯಲ್ಲಿ ಬಿದ್ದುಕೊಂಡು ಬೆರಳಾಡಿಸುವ ಮೊಬೈಲು. ಅದು ವಿಶ್ರಾಂತಿಯಂತೆ ತೋರುತ್ತದೆ, ಎದ್ದಾಗ ಕಣ್ಣೂ ಮನಸ್ಸೂ ಇನ್ನಷ್ಟು ದಣಿದಿರುತ್ತವೆ.

ಹತ್ತೊಂಬತ್ತರ ಹರೆಯದ ಹುಡುಗಿಯೊಬ್ಬಳು ತನ್ನ ಮೊದಲ ಸಾವನ್ನು ವಾರ್ಡಿನಲ್ಲಿ ಕಂಡು, ಮರುದಿನ ಅದೇ ಹಾಸಿಗೆಯಲ್ಲಿ ಮತ್ತೊಬ್ಬ ರೋಗಿಯ ನಾಡಿ ಹಿಡಿಯಬೇಕಾಗುತ್ತದೆ. ಇಂಥ ಭಾರ ಇಳಿಯಲು ದಾರಿಯಿಲ್ಲದೆ ಹೋದರೆ ಏನಾಗುವುದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಸ್ಪಷ್ಟಪಡಿಸಿತು: ಕೆಲಸದ ಒತ್ತಡ ದೀರ್ಘಕಾಲ ಹಾಗೆಯೇ ಉಳಿದರೆ ಶಕ್ತಿ ಬತ್ತುತ್ತದೆ, ಕೆಲಸದ ಮೇಲೆಯೇ ಜುಗುಪ್ಸೆ ಹುಟ್ಟುತ್ತದೆ, ಕೈಹಿಡಿದ ಕೆಲಸ ಸಾಗದಾಗುತ್ತದೆ. ಇದರಲ್ಲಿ ಎರಡನೆಯದು ರೋಗಿಯ ಪಾಲಿಗೆ ಅತ್ಯಂತ ಅಪಾಯಕಾರಿ. ಮನಸ್ಸು ಒಣಗಿದ ಶುಶ್ರೂಷಕಿಗೆ ಮುಂದಿರುವವರು ಹೆಸರುಳ್ಳ ಮನುಷ್ಯರಾಗಿ ಕಾಣದೆ ಹಾಸಿಗೆಯ ಸಂಖ್ಯೆಯಾಗಿ ಕಾಣತೊಡಗುತ್ತಾರೆ.

ಹವ್ಯಾಸ ಈ ಭಾರವನ್ನು ಇಳಿಸುವ ಒಂದು ದಾರಿ. ಛಾಯಾಗ್ರಹಣವಂತೂ ಅಷ್ಟಕ್ಕೇ ನಿಲ್ಲದೆ ಶುಶ್ರೂಷೆಯ ಕಸುಬಿಗೇ ನೆರವಾಗುತ್ತದೆ. ಛಾಯಾಚಿತ್ರ ತೆಗೆಯುವವನು ಮೊದಲು ಕಲಿಯುವುದು ಬೆಳಕನ್ನು. ಹಳದಿ ಬಲ್ಬಿನ ಕೆಳಗೆ ಬಿಳಿಯ ಗೋಡೆ ಹಳದಿಯಾಗುವುದು, ಮುಂಜಾನೆಯ ಓರೆ ಬೆಳಕಿನಲ್ಲಿ ಕಲ್ಲಿನ ಸಣ್ಣ ಗೀರೂ ಎದ್ದು ತೋರುವುದು ಅವನಿಗೆ ಬೇಗನೆ ಮನವರಿಕೆಯಾಗುತ್ತದೆ. ವಾರ್ಡಿನಲ್ಲಿಯೂ ಬೇಕಾದದ್ದು ಇದೇ ತಿಳಿವಳಿಕೆ. ಕಾಮಾಲೆಯ ಆರಂಭದ ಹಳದಿ ಛಾಯೆ ಕೃತಕ ಬೆಳಕಿನಲ್ಲಿ ಕಣ್ಣುತಪ್ಪಿಸುತ್ತದೆ. ರೋಗಿಯನ್ನು ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ನೋಡಬೇಕು. ಬಹುಕಾಲ ಮಲಗಿದ ವೃದ್ಧರಿಗೆ ಹಾಸಿಗೆಹುಣ್ಣು ಆಗುವ ಮೊದಲು ಮೂಳೆಯುಬ್ಬಿದ ಜಾಗದಲ್ಲಿ ಚರ್ಮದ ಬಣ್ಣ ಬದಲಾಗುತ್ತದೆ. ಬಿಳಿ ಚರ್ಮದವರಲ್ಲಿ ಅದು ಕೆಂಪಾಗಿ ಕಾಣುತ್ತದೆಂದು ಪಠ್ಯಪುಸ್ತಕ ಹೇಳಬಹುದು; ನಮ್ಮ ಹೊಲದಲ್ಲಿ ದುಡಿದ ಅಜ್ಜನ ಕಪ್ಪು ಮೈಯಲ್ಲಿ ಆ ಕೆಂಪು ಸುಲಭವಾಗಿ ತೋರದು. ಸುತ್ತಲಿನ ಚರ್ಮಕ್ಕಿಂತ ತುಸು ಗಾಢವಾದ ಬಣ್ಣ, ತುಸು ಬಿಸಿ, ತುಸು ಗಡಸು, ಇಷ್ಟೇ ಅಲ್ಲಿ ಸಿಗುವ ಸುಳಿವು. ತುಟಿಯ, ಉಗುರಿನ ನೀಲಿ ಛಾಯೆಯ ವಿಷಯವೂ ಹೀಗೆಯೇ. ಕೆರೆಯಂಚಿನಲ್ಲಿ ಮಿಂಚುಳ್ಳಿಗಾಗಿ ಅರ್ಧಗಂಟೆ ಅಲುಗದೆ ಕಾದು ಕುಳಿತ ಕಣ್ಣಿಗೆ ಇವೆಲ್ಲ ಬೇಗ ದಕ್ಕುತ್ತವೆ.

ಇದು ಕೇವಲ ಊಹೆಯಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಚಿತ್ರಶಾಲೆಗೆ ಕರೆದೊಯ್ದು ವರ್ಣಚಿತ್ರಗಳನ್ನು ತಾಳ್ಮೆಯಿಂದ ನೋಡಿ ವಿವರಿಸುವ ತರಬೇತಿ ನೀಡಲಾಯಿತು. ಆ ವಿದ್ಯಾರ್ಥಿಗಳು ರೋಗಿಗಳಲ್ಲಿ ಕಾಣುವ ಲಕ್ಷಣಗಳನ್ನು ಇತರರಿಗಿಂತ ಚೆನ್ನಾಗಿ ಗುರುತಿಸಿದರೆಂದು 2001ರಲ್ಲಿ ವರದಿಯಾಯಿತು. ಆಧುನಿಕ ಶುಶ್ರೂಷೆಯ ತಾಯಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಹೂವಿನ ಬಣ್ಣ, ಕಿಟಕಿಯಾಚೆಯ ನೋಟ, ವಸ್ತುಗಳ ವೈವಿಧ್ಯ ರೋಗಿಯ ದೇಹದ ಮೇಲೆಯೇ ಪರಿಣಾಮ ಬೀರುತ್ತವೆಂದು ಒಂದೂವರೆ ಶತಮಾನದ ಹಿಂದೆಯೇ ಬರೆದಿದ್ದರು. ಸೈನಿಕರ ಸಾವಿನ ಕಾರಣಗಳನ್ನು ಬಣ್ಣದ ರೇಖಾಚಿತ್ರವಾಗಿಸಿ ಆಳುವವರ ಕಣ್ಣು ತೆರೆಸಿದ ಆಕೆ ಒಂದು ಪುಟ್ಟ ಗೂಬೆಯನ್ನೂ ಸಾಕಿಕೊಂಡಿದ್ದರು!

ನಮ್ಮ ಪರಂಪರೆಗೂ ಇದು ಹೊಸತಲ್ಲ. ವೈದ್ಯ ಸಂಗಣ್ಣ ಚಿಕಿತ್ಸೆಯನ್ನು ಕಾಯಕವಾಗಿಸಿಕೊಂಡ ಶರಣ, ವಚನಕಾರನೂ ಹೌದು. ಮಗ್ಗದ ಮುಂದೆ ಕುಳಿತ ದಾಸಿಮಯ್ಯ, ಹುಟ್ಟು ಹಾಕಿದ ಚೌಡಯ್ಯ ಕಾಯಕವನ್ನು ಬಿಟ್ಟು ವಚನ ರಚಿಸಲಿಲ್ಲ, ವಚನಕ್ಕಾಗಿ ಕಾಯಕವನ್ನು ಅಲಕ್ಷಿಸಲೂ ಇಲ್ಲ. ಹತ್ತಿರದ ಕಾಲಕ್ಕೆ ಬಂದರೆ, ದೇವರಾಜ ಅರಸರ ಸಂಪುಟದಲ್ಲಿ ರಾಜ್ಯದ ಹಣಕಾಸು ನೋಡಿಕೊಂಡ ಸಂಡೂರಿನ ಎಂ.ವೈ. ಘೋರ್ಪಡೆಯವರು ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಕ್ಯಾಮೆರಾ ಇಲ್ಲದವರಿಗೆ ಕೌದಿ ಹೊಲಿಗೆ, ಕಸೂತಿ, ಚಿತ್ರರಚನೆ, ವಚನ ಗಾಯನ ಇವೆ. ಸೂಜಿ ದಾರದಲ್ಲಿ ಪಳಗಿದ ಬೆರಳು ಸೂಜಿಮದ್ದು ನೀಡುವಾಗಲೂ ನಡುಗದು. ಸಾಲ ಮಾಡಿ ದುಬಾರಿ ಕ್ಯಾಮೆರಾ ಕೊಳ್ಳಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲೇ ನಾಲ್ಕು ವರ್ಷಕ್ಕೆ ಸಾಕು. ತೆಗೆದ ಚಿತ್ರಕ್ಕೆ ಎಷ್ಟು ಮೆಚ್ಚುಗೆ ಬಂತೆಂದು ಎಣಿಸುತ್ತ ಕೂತರೆ ಮಾತ್ರ ಹವ್ಯಾಸವೂ ಇನ್ನೊಂದು ಪರೀಕ್ಷೆಯಾಗಿಬಿಡುತ್ತದೆ.

ಹೊರಸಂಚಾರದ ಲಾಭವೂ ಕಡಿಮೆಯದಲ್ಲ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಒಳಗೊಂಡ 2019ರ ಅಧ್ಯಯನದಲ್ಲಿ, ವಾರಕ್ಕೆ ಒಟ್ಟು 120 ನಿಮಿಷಗಳನ್ನಾದರೂ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು. ಎರಡು ಗಂಟೆಯೆಂದರೆ ಕುಂದವಾಡ ಕೆರೆಯ ಏರಿಯ ಮೇಲೆ ನಾಲ್ಕು ಸಂಜೆಯ ನಡಿಗೆ. ರಜೆಯ ದಿನ ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೆ ಬಸ್ಸು ಹತ್ತಬಹುದು. ಹೊಯ್ಸಳರ ದಂಡನಾಯಕ ಪೋಳಾಲ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇಗುಲದ ನುಣುಪು ಕಂಬಗಳ ಮೇಲೆ ಬೆಳಕು ಆಡುವ ಬಗೆಯನ್ನು ನೋಡುವುದೇ ಒಂದು ಪಾಠ. ಕೊಂಡಜ್ಜಿಯ ಕೆರೆ ಗುಡ್ಡಗಳೂ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೂ ಒಂದು ದಿನದ ಸಂಚಾರಕ್ಕೆ ಒದಗುತ್ತವೆ. ಗುಂಪಾಗಿ ಹೋಗಲಿ, ಕತ್ತಲಾಗುವ ಮುನ್ನ ಮರಳಲಿ. ತುಂಗಭದ್ರೆಯಲ್ಲಿ ಚಿತ್ರಕ್ಕಾಗಿ ಬಂಡೆಯಂಚಿಗೆ ಹೋಗುವುದು, ಆಳವರಿಯದೆ ಇಳಿಯುವುದು ಸರ್ವಥಾ ಬೇಡ.

ರಾತ್ರಿಪಾಳಿಯ ಮರುದಿನ ಮಾತ್ರ ಯಾವ ಪ್ರವಾಸವೂ ಕೂಡದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿದಿರುತ್ತದೆಂದು 1997ರ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ವಿಧಿಸಿರುವ ಮಿತಿ ಶೇ. 0.03. ಮದ್ಯವನ್ನು ಮೂಸಿಯೂ ನೋಡದ ಹುಡುಗಿ, ಪಾಳಿ ಮುಗಿಸಿ ಸ್ನೇಹಿತೆಯನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಸ್ಕೂಟಿ ಓಡಿಸಿದರೆ, ಕುಡಿದು ಓಡಿಸಿದಷ್ಟೇ ಅಪಾಯ. ಅಂದು ಆಕೆಗೆ ಬೇಕಾದದ್ದು ಕಿಟಕಿಗೆ ಪರದೆ ಎಳೆದ ಕೊಠಡಿ ಮತ್ತು ನಿದ್ರೆ.

ಇನ್ನೊಂದು ಗೆರೆಯನ್ನು ಯಾರೂ ದಾಟಬಾರದು. ಆಸ್ಪತ್ರೆಯ ಬಾಗಿಲಲ್ಲಿ ಹವ್ಯಾಸದ ಕ್ಯಾಮೆರಾ ಹೊರಗೆ ಉಳಿಯಬೇಕು. ಮುದ್ದಾಗಿದೆಯೆಂದು ಹಸುಗೂಸಿನ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವುದು, ಸಮವಸ್ತ್ರದಲ್ಲಿ ತೆಗೆದುಕೊಂಡ ಸೆಲ್ಫಿಯ ಹಿನ್ನೆಲೆಯಲ್ಲಿ ರೋಗಿಯ ಮುಖವೋ ಹಾಸಿಗೆಯ ಹೆಸರಿನ ಚೀಟಿಯೋ ಸಿಕ್ಕಿಬೀಳುವುದು ಸಣ್ಣ ಸಂಗತಿಗಳಲ್ಲ. ಸೆರಗು ಸರಿಪಡಿಸಿಕೊಳ್ಳಲೂ ಶಕ್ತಿಯಿಲ್ಲದೆ ಮಲಗಿದ ತಾಯಿ ತನ್ನ ಮಾನವನ್ನು ಶುಶ್ರೂಷಕಿಯ ಕೈಗೆ ಒಪ್ಪಿಸಿರುತ್ತಾಳೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲಾಗಿಸುವುದಂತೂ ಶಿಕ್ಷಾರ್ಹ ಅಪರಾಧ.

ತಂದೆತಾಯಿಗಳಲ್ಲಿ ಒಂದು ಕೋರಿಕೆಯಿದೆ. ಮಗ ಗೆಳೆಯರೊಡನೆ ಸೂಳೆಕೆರೆಗೆ ಹೋದರೆ ‘ಹುಡುಗರು, ಹೋಗಿ ಬರಲಿ’ ಎನ್ನುವ ಮನೆಗಳಲ್ಲೇ, ಮಗಳು ಹೋದರೆ ಓದು ನಿಲ್ಲಿಸುವ ಮಾತು ಹೊರಡುತ್ತದೆ. ಹಾಗೆ ಬೆದರಿದ ಮಗಳು ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾಳೆ. ಮುಂದೊಂದು ದಿನ ವಾರ್ಡಿನಲ್ಲಿ ಕಂಡ ಸಾವಿನ ಬಗೆಗೂ, ನಿದ್ರೆ ಬಾರದ ರಾತ್ರಿಗಳ ಬಗೆಗೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಅಂಕಗಳು ಕುಸಿದಿದ್ದರೆ, ಊಟ ಬಿಟ್ಟಿದ್ದರೆ, ಹಿಂದೆ ಇಷ್ಟಪಡುತ್ತಿದ್ದ ಹವ್ಯಾಸವನ್ನೂ ಏಕಾಏಕಿ ತೊರೆದಿದ್ದರೆ, ಗದರುವ ಬದಲು ಕಾಲೇಜಿನ ಅಧ್ಯಾಪಕರನ್ನೋ ಮನೋವೈದ್ಯರನ್ನೋ ಕಾಣಿರಿ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತ ಸಲಹೆ ಸಿಗುತ್ತದೆ. ಮುಂದಿನ ಸಲ ಶುಲ್ಕ ಕಟ್ಟಲು ದಾವಣಗೆರೆಗೆ ಬಂದಾಗ, 1929ರಿಂದ ದೇಶದಲ್ಲಿ ನಡೆದುಬಂದಿರುವ ವಿದ್ಯಾರ್ಥಿ ಶುಶ್ರೂಷಕರ ಸಂಘದ ಶಾಖೆ ಆ ಕಾಲೇಜಿನಲ್ಲಿದೆಯೇ, ಕಲೆ-ಕ್ರೀಡೆಗಳ ಸ್ಪರ್ಧೆಗಳು ಅಲ್ಲಿ ನಡೆಯುತ್ತವೆಯೇ ಎಂದು ಕಚೇರಿಯಲ್ಲಿ ವಿಚಾರಿಸಿರಿ. ಆಮೇಲೆ ಮಗಳು ತೆಗೆದ ಚಿತ್ರಗಳನ್ನು ತೋರಿಸಲು ಹೇಳಿ, ಬಿಡುವು ಮಾಡಿಕೊಂಡು ಒಂದೊಂದಾಗಿ ನೋಡಿರಿ.