ಕೆಂಚನ ಮೂಗಿನ ಜಾಡಿನಲ್ಲಿ

ಗಿಂಡಿ ರಾಷ್ಟ್ರೀಯ ಉದ್ಯಾನದ ಗೋಡೆಯೊಳಗೆ ಹಿಕ್ಕೆ ಕಸವಲ್ಲ. ಚೆನ್ನೈ ನಗರದ ನಡುವೆ ಉಳಿದಿರುವ ಈ 2.7 ಚದರ ಕಿಲೋಮೀಟರ್ ಕುರುಚಲು ಕಾಡಿನಲ್ಲಿ ಗಂಡು ಕೃಷ್ಣಮೃಗ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕಿ, ರಾಶಿ ಮಾಡಿ, ಇದು ನನ್ನ ನೆಲ ಎಂದು ಸಾರುತ್ತದೆ. ಮರಬೆಕ್ಕಿನ ಮಲದಲ್ಲಿ ಹಣ್ಣಿನ ಬೀಜಗಳು ಬೇರೆ ಕಡೆಗೆ ಪ್ರಯಾಣ ಮಾಡುತ್ತವೆ. ಜಿಂಕೆಯ ಹಿಕ್ಕೆ ಒಣಗಿದ ಮೇಲೆ ಗೆದ್ದಲು ಅದರ ಮೇಲೆ ಮಣ್ಣು ಮೆತ್ತಿ, ಒಳಗಿನಿಂದ ತಿಂದು ಮುಗಿಸುತ್ತದೆ. ಇಲ್ಲಿನ ಮೊಲವಂತೂ ತನ್ನದೇ ಮೆತ್ತನೆಯ ಹಿಕ್ಕೆಯನ್ನು ನೆಲಕ್ಕೆ ಬೀಳಲೂ ಬಿಡದೆ ಬಾಯಿಗೆ ತೆಗೆದುಕೊಳ್ಳುತ್ತದೆ. ಹುಲ್ಲಿನ ಸಾರವೆಲ್ಲ ಒಂದೇ ಸುತ್ತಿಗೆ ಮೈಗೆ ಹತ್ತುವುದಿಲ್ಲ, ಅದಕ್ಕೆ ಎರಡನೆಯ ಊಟ.

ಗೋಡೆಯ ಈಚೆ ಬದಿಯ ನಮ್ಮ ಬೀದಿಯಲ್ಲಿ, ಈಶಾನ್ಯ ಮಳೆ ಹಿಂದೆ ಸರಿಯುವ ಹೊತ್ತಿಗೆ ಹುಟ್ಟಿದ ನಾಯಿಮರಿಯೊಂದು ಮನೆಗೆ ಬಂತು. ಮೈಬಣ್ಣ ನೋಡಿ ಅಮ್ಮನೇ ಕೆಂಚ ಎಂದು ಹೆಸರಿಟ್ಟರು. ಅವನು ಮಲ ತಿನ್ನುವುದನ್ನು ಮೊದಲು ಕಂಡವರೂ ಅವರೇ. "ಥೂ, ಹೊಟ್ಟೆ ತುಂಬ ಹಾಲನ್ನ ಹಾಕಿದ್ದೀನಿ, ಆದ್ರೂ ಇದೇನೋ ಇದಕ್ಕೆ!" ಎಂದು ಸಂಕಟಪಟ್ಟರು. ಆ ಸಂಕಟ ನನಗೂ ಅರ್ಥವಾಗುತ್ತದೆ. ಕೈ ನೆಕ್ಕಲು ಬರುವ ಬಾಯಿ ಅದು.

ಬೈಯುವ ಮೊದಲು ನೋಡೋಣ ಎನಿಸಿತು. ಬೆಳಗಿನ ಹೊತ್ತು, ಬಿಸಿಲೇರುವ ಮೊದಲು, ಅವನ ಮೂಗಿನ ಹಿಂದೆ ನಡೆದೆ. ಬೀದಿಯಲ್ಲಿ ಕಿವಿಯ ತುದಿ ಕತ್ತರಿಸಿದ ಒಂದು ಮುದಿ ಹೆಣ್ಣುನಾಯಿ ಇದೆ. ಸಂತಾನಹರಣ ಚಿಕಿತ್ಸೆ ಮಾಡಿ ಹಿಡಿದ ಜಾಗಕ್ಕೇ ತಂದು ಬಿಟ್ಟ ನಾಯಿಗೆ ಇಡುವ ಗುರುತು ಅದು. ಕೆಂಚನಿಗೆ ಅದರ ಮಲವೇ ಇಷ್ಟ, ತನ್ನದು ಆಮೇಲೆ. ಹಸುವಿನ ಸಗಣಿಯನ್ನು ನೆಕ್ಕುತ್ತಾನೆ, ಕಚ್ಚುವುದಿಲ್ಲ. ಎಲ್ಲಕ್ಕಿಂತ ಗಮನ ಸೆಳೆದ ಸಂಗತಿ ಬೇರೆ: ಬಿಸಿಲಿಗೆ ಬೆಳ್ಳಗಾದ ಹಳೆಯದನ್ನು ಅವನು ಮೂಸಿ ದಾಟಿಹೋಗುತ್ತಿದ್ದ. ಬೇಕಾದದ್ದು ಆ ದಿನದ್ದೇ.

ಈ ಆಯ್ಕೆಗೆ ಕಾರಣವಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ಸುಮಾರು 3,000 ನಾಯಿ ಸಾಕುವವರಿಂದ ಉತ್ತರ ಪಡೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 16ರಷ್ಟು ನಾಯಿಗಳು ಮತ್ತೆ ಮತ್ತೆ ಮಲ ತಿನ್ನುವವು. ಬಹುಪಾಲು ನಾಯಿಗಳು ತಿನ್ನುವುದು ಎರಡು ದಿನದೊಳಗಿನದನ್ನು. ಊಟದ ಬಗೆಗೂ ಈ ಚಾಳಿಗೂ ಸಂಬಂಧ ಕಾಣಲಿಲ್ಲ. ಮನೆಯಲ್ಲಿ ಗಲೀಜು ಮಾಡದಿರಲು ಈ ನಾಯಿಗಳೂ ಉಳಿದವಷ್ಟೇ ಸುಲಭವಾಗಿ ಕಲಿತಿದ್ದವು. ಹಾರ್ಟ್ ಅವರ ಊಹೆ ತೋಳದ ಗವಿಯವರೆಗೆ ಹೋಗುತ್ತದೆ. ಮಲದಲ್ಲಿರುವ ಜಂತುವಿನ ಮೊಟ್ಟೆ ಸೋಂಕು ತಗುಲಿಸುವ ಮರಿಯಾಗಲು ಕೆಲವು ದಿನ ಬೇಕು. ಅಷ್ಟರೊಳಗೆ ಗವಿಯ ಬಾಯಲ್ಲಿ ಬಿದ್ದದ್ದನ್ನು ತಿಂದು ತೆಗೆದರೆ ಗುಂಪು ಉಳಿಯುತ್ತದೆ. ಹೆತ್ತ ನಾಯಿಯನ್ನು ನೋಡಿದವರಿಗೆ ಇದು ದೂರದ ಮಾತೆನಿಸದು. ಮೊದಲ ಮೂರು ವಾರ ಮರಿಗಳಿಗೆ ತಾವಾಗಿ ವಿಸರ್ಜಿಸಲು ಬರುವುದಿಲ್ಲ. ತಾಯಿ ನೆಕ್ಕಿದರೇ ಆಗುವುದು, ಆದದ್ದನ್ನು ಅವಳೇ ನುಂಗುವುದು. ನಾವು ಅಸಹ್ಯವೆನ್ನುವ ಈ ಕೆಲಸ ನಾಯಿಯ ಲೋಕದಲ್ಲಿ ಮನೆ ಗುಡಿಸುವ ಕೆಲಸವೇ ಇರಬೇಕೆಂದು ನಾನು ನಂಬುತ್ತೇನೆ.

ಹಾಗೆಂದು ಸುಮ್ಮನಿರುವಂತಿಲ್ಲ. ಬೀದಿ ಗವಿಯಲ್ಲ. ಲಸಿಕೆಯ ಸರಣಿ ಮುಗಿಯದ ಮರಿಗೆ ಪಾರ್ವೋ ರೋಗ ಬಂದರೆ ಬದುಕಿಸುವುದು ಕಷ್ಟ. ಅದರ ವೈರಸ್ ಹರಡುವುದು ನಾಯಿಯ ಮಲದಿಂದಲೇ, ಮತ್ತು ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ತೋಳದ ಕಾಲದ ಎರಡು ದಿನದ ಲೆಕ್ಕ ವೈರಸ್ಸಿಗೆ ಅನ್ವಯಿಸುವುದಿಲ್ಲ. ಪಶುವೈದ್ಯರು ಮಲಪರೀಕ್ಷೆ ಮಾಡಿಸಿ, ಜಂತುಹುಳುವಿಗೆ ಔಷಧಿ ಕುಡಿಸಿ, ಮುಂದಿನ ಲಸಿಕೆಯ ದಿನ ಬರೆದುಕೊಟ್ಟರು. ನೆರೆಹೊರೆಯವರ ಸಲಹೆಗಳೂ ಬಂದವು: ಮಲದ ಮೇಲೆ ಮೆಣಸಿನಪುಡಿ ಉದುರಿಸಿ, ಊಟಕ್ಕೆ ಅನಾನಸ್ ಸೇರಿಸಿ, ಮೂತಿ ಹಿಡಿದು ಅದರಲ್ಲೇ ಉಜ್ಜಿ. ಕೊನೆಯದು ಕ್ರೌರ್ಯ, ಅದನ್ನು ಯಾರೂ ಮಾಡಬಾರದು. ಮಲದ ರುಚಿ ಕೆಡಿಸಲೆಂದೇ ಮಾರುವ ಪುಡಿ, ಮಾತ್ರೆಗಳು ಫಲ ಕೊಟ್ಟದ್ದು ಅದೇ ಅಧ್ಯಯನದಲ್ಲಿ ಹೆಚ್ಚೆಂದರೆ ನೂರಕ್ಕೆ ಎರಡು ಕಡೆ.

ಗದರಿಸಿದರೆ ಏನಾಗುತ್ತದೆಂದು ಬೀದಿಯ ಇನ್ನೊಂದು ಮರಿಯಲ್ಲಿ ಕಂಡೆ. ಯಜಮಾನ ಕೂಗುತ್ತ ಓಡಿಬಂದಷ್ಟೂ ಅದು ಬೇಗ ಬೇಗ ನುಂಗುತ್ತಿತ್ತು. ಕಿತ್ತುಕೊಳ್ಳಲು ಬರುವವರಿದ್ದಾರೆ ಎಂದರೆ ಅದು ಬೆಲೆಯುಳ್ಳದ್ದೇ ಎಂದು ಮರಿಗೆ ಅನಿಸಿರಬೇಕು.

ಹಾಗಾಗಿ ನಾವು ಹೊತ್ತನ್ನು ಹಿಡಿದೆವು. ಮರಿಯ ದಿನಕ್ಕೆ ಒಂದು ಲಯವಿದೆ: ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಡಿ ದಣಿದಾಗ. ನೆಲ ಮೂಸುತ್ತ ಸುತ್ತು ಹಾಕತೊಡಗಿದರೆ ಹೊರಗೆ ಕರೆದೊಯ್ಯುವುದು, ಹಗ್ಗ ಗಿಡ್ಡವಾಗಿ ಹಿಡಿಯುವುದು, ಅವನು ಮುಗಿಸಿ ತಿರುಗುವ ಮೊದಲೇ ಬೇಯಿಸಿದ ಕೋಳಿಯ ಚೂರು ತೋರಿಸಿ ಕರೆಯುವುದು. ಅವನು ತಿನ್ನುತ್ತಿರುವಾಗ ಇನ್ನೊಬ್ಬರು ಹಳೆ ಪೇಪರಿನಲ್ಲಿ ಬಾಚಿ ತೆಗೆಯುವುದು. ಜೊತೆಗೆ ಮನೆಯೊಳಗೆ, ಮಲದ ನಂಟೇ ಇಲ್ಲದ ಕಡೆ, "ಬಿಡು" ಕಲಿಸಿದೆವು. ಮುಚ್ಚಿದ ಮುಷ್ಟಿಯಲ್ಲಿ ಬಿಸ್ಕತ್ತು. ಕೆರೆದ, ಕಚ್ಚಿದ, ಕೊಸರಾಡಿದ. ಮೂಗು ಹಿಂದಕ್ಕೆ ಸರಿಸಿದ ಕ್ಷಣ ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದು ಸಿಕ್ಕಿತು. ಬಿಟ್ಟರೆ ನಷ್ಟವಿಲ್ಲ ಎಂಬುದು ಅವನಿಗೆ ಗೊತ್ತಾದ ಮೇಲೆಯೇ ಆ ಪಾಠವನ್ನು ಬೀದಿಗೆ ತಂದದ್ದು.

ಬದಲಾವಣೆ ನೇರವಾಗಿ ಬರಲಿಲ್ಲ. ಅಂಗಳದಲ್ಲಿ ಬೇಗ ನಿಂತಿತು, ಏಕೆಂದರೆ ಅಲ್ಲಿ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ಆ ಹಳೆ ಪೇಪರು. ಬೀದಿಯಲ್ಲಿ, ಅದರಲ್ಲೂ ಮಳೆ ಬಿದ್ದು ವಾಸನೆಗಳೆಲ್ಲ ಎದ್ದ ಬೆಳಗು, ಹಳೆಯ ಸೆಳೆತ ಮರಳುತ್ತಿತ್ತು. ಈಗ ಮುದಿ ನಾಯಿಯ ಜಾಗಕ್ಕೆ ಬಂದರೆ ಒಮ್ಮೆ ಮೂಸಿ, ತಲೆಯೆತ್ತಿ, ನನ್ನ ಮುಖ ನೋಡುತ್ತಾನೆ. ಆಗ ಜೇಬಿನಲ್ಲಿ ಏನಾದರೂ ಇರಲೇಬೇಕು. ಹಸುವಿನ ಸಗಣಿಯ ವಿಷಯದಲ್ಲಿ ಮಾತ್ರ ಇನ್ನೂ ಕೆಲಸವಿದೆ. ಹಗ್ಗವನ್ನಂತೂ ಬಿಚ್ಚುವುದಿಲ್ಲ. ಬಾಯಿಯ ಚಾಳಿ ಪೂರ್ತಿ ಹೋದರೂ, ಜಿಂಕೆಗಳಿರುವ ಕಾಡಿನ ಅಂಚಿನಲ್ಲಿ ನಾಯಿಯನ್ನು ಬಿಟ್ಟು ನಡೆಸುವುದು ಸರಿಯಲ್ಲ.